ಫೋನಿನಿಂದ ಮಾದರಿ ರೈಲು ಓಡಿಸುವುದು: ರೇಡಿಯೊ ಎಲ್ಲಿ ಕೂರಬೇಕು?

ಫೋನಿನಿಂದ ಮಾದರಿ ರೈಲು ಓಡಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಆ್ಯಪ್. ಅದು ಕೊನೆಗೆ ನೋಡಬೇಕಾದದ್ದು. ಮೊದಲು ತೀರ್ಮಾನವಾಗಬೇಕಾದದ್ದು, ಫೋನು ಕಳಿಸುವ ಸಂಕೇತವನ್ನು ಹಿಡಿಯುವ ರೇಡಿಯೊ ಎಲ್ಲಿರಬೇಕು ಎಂಬುದು. ಹಳಿಗೆ ಕರೆಂಟು ಕೊಡುವ ಡಬ್ಬಿಯಲ್ಲಿರಬಹುದು, ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಬೇರೆ ಆಜ್ಞೆ ಕಳಿಸುವ ಡಿಜಿಟಲ್ ಪದ್ಧತಿಯಾದ ಡಿಸಿಸಿಯ ಕಮಾಂಡ್ ಸ್ಟೇಷನ್ನಿನಲ್ಲಿರಬಹುದು, ಇಲ್ಲವೇ ಎಂಜಿನ್ನಿನೊಳಗೇ ಇರಬಹುದು. ಎಷ್ಟು ಖರ್ಚಾಗುತ್ತದೆ, ಒಂದೇ ಹಳಿಯಲ್ಲಿ ಎಷ್ಟು ರೈಲು ಬೇರೆಬೇರೆಯಾಗಿ ಓಡುತ್ತವೆ, ನಾಳೆ ಹೊಸ ಎಂಜಿನ್ ಕೊಂಡರೆ ಅದಕ್ಕೆ ಇನ್ನೇನು ಸೇರಿಸಬೇಕು, ಸಂಪರ್ಕ ಕಡಿದರೆ ಏನಾಗುತ್ತದೆ, ಎಲ್ಲವೂ ಈ ಒಂದು ತೀರ್ಮಾನದ ಹಿಂದೆಯೇ ಬರುತ್ತವೆ.

ಇಲ್ಲಿನ ಲೆಕ್ಕಗಳು ಹೆಚ್ಚಾಗಿ ಎಚ್‌ಓ (1:87) ಮತ್ತು ಬ್ರಿಟನ್ನಿನ ಓಓ (1:76) ಅಳತೆಗೆ ಸೇರಿದವು. ಎರಡೂ 16.5 ಮಿ.ಮೀ. ಹಳಿಯ ಮೇಲೆ ಓಡುತ್ತವೆ. ಭಾರತೀಯ ರೈಲ್ವೆಯ ಎಂಜಿನ್‌ಗಳ ಎಚ್‌ಓ ಮಾದರಿಗಳೂ ಸಾಮಾನ್ಯವಾಗಿ ಇದೇ ಹಳಿಗೆ ಬರುತ್ತವೆ. ನಮ್ಮ ಬ್ರಾಡ್‌ಗೇಜಿನ 1676 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ ನಿಜ, ಆದರೆ ಜಗತ್ತಿನ ಹಳಿಗಳೆಲ್ಲ 16.5ರಲ್ಲಿ ಸಿಗುವಾಗ ತಯಾರಕರು ಅದಕ್ಕೇ ಹೊಂದಿಕೊಂಡಿದ್ದಾರೆ. ಹಾಗಾಗಿ ಕೆಳಗಿನದೆಲ್ಲ ಅವಕ್ಕೂ ಹೊಂದುತ್ತದೆ.

ಅವಸರದಲ್ಲಿರುವವರಿಗೆ ನಮ್ಮ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇವೆ. ಒಂದೆರಡು ಎಂಜಿನ್ ಇದ್ದು, ವೃತ್ತಾಕಾರದ ಹಳಿ ಸಾಕೆನ್ನುವವರು ಎಂಜಿನ್ನಿನೊಳಗೆ ಬ್ಲೂಟೂತ್ ಇರುವುದನ್ನು ಕೊಳ್ಳಲಿ. ನಾಲ್ಕಕ್ಕಿಂತ ಹೆಚ್ಚು ಎಂಜಿನ್ ಆಗುತ್ತವೆ, ಪಾಯಿಂಟುಗಳೂ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ಸಿಗ್ನಲ್ಲುಗಳೂ ಬೇಕು ಎನ್ನುವವರಿಗೆ ಡಿಸಿಸಿ ಮತ್ತು ವೈಫೈ ಬಿಟ್ಟರೆ ಬೇರೆ ದಾರಿ ಕಾಣುವುದಿಲ್ಲ. ಬೆಸುಗೆ ಹಾಕಲು ಬರುತ್ತದೆ, ಆರ್ಡುಯಿನೊದಂಥ ಪುಟ್ಟ ಕಂಪ್ಯೂಟರ್ ಬೋರ್ಡು ಎಂದರೆ ಹೆದರಿಕೆಯಿಲ್ಲ ಎಂದಾದರೆ, ಡಿಸಿಸಿ ಸ್ಟೇಷನ್ನನ್ನು ಕೈಯಾರೆ ಕಟ್ಟುವ ಡಿಸಿಸಿ-ಇಎಕ್ಸ್. ಉಳಿದದ್ದು ಹಳಿಗೆ ಕರೆಂಟು ಕೊಡುವ ಅನಲಾಗ್ ಡಬ್ಬಿ, ಅದು ಮನೆಯಲ್ಲಿ ಹಳೆಯ ಎಂಜಿನ್‌ಗಳ ರಾಶಿಯಿದ್ದು ಅವನ್ನು ಬಿಚ್ಚಲು ಮನಸ್ಸಿಲ್ಲದವರಿಗೆ ಮಾತ್ರ.

ಅನಲಾಗ್ ಡಬ್ಬಿ

ಹಳೆಯ ಪದ್ಧತಿಯಲ್ಲಿ ಹಳಿಗೆ 0ಯಿಂದ 12 ವೋಲ್ಟ್ ಡಿಸಿ ಹೋಗುತ್ತದೆ. ವೋಲ್ಟೇಜು ಏರಿದರೆ ವೇಗ ಏರುತ್ತದೆ, ಧ್ರುವ ಬದಲಾದರೆ ದಿಕ್ಕು ಬದಲಾಗುತ್ತದೆ. ಹಾರ್ನ್‌ಬಿಯ ಎಚ್‌ಎಂ6000 ಇದೇ ಕೆಲಸವನ್ನು ಬ್ಲೂಟೂತ್ ಮೂಲಕ ಮಾಡುವ ಡಬ್ಬಿ. ಎರಡು ಹಳಿಗಳನ್ನು ಬೇರೆಬೇರೆಯಾಗಿ ನಡೆಸುತ್ತದೆ, ಸದ್ದುಗಳು ಫೋನಿನ ಸ್ಪೀಕರಿನಿಂದ ಬರುತ್ತವೆ. ಎಂಜಿನ್ನಿನಲ್ಲಿ ಏನನ್ನೂ ಬದಲಿಸಬೇಕಿಲ್ಲ.

ತೊಂದರೆ ಅನಲಾಗಿನದ್ದೇ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ. ನಿಂತ ಎಂಜಿನ್ನಿನ ದೀಪ ಆರುತ್ತದೆ. ಹಳಿಯನ್ನು ತುಂಡು ಮಾಡಿ ಸ್ವಿಚ್ಚು ಹಾಕುವ ಹಳೆಯ ಕಷ್ಟ ಫೋನು ಬಂದರೂ ತಪ್ಪುವುದಿಲ್ಲ.

ಇದನ್ನು ಕೈಯಾರೆ ಕಟ್ಟುವುದೂ ಕಷ್ಟವಲ್ಲ: ವೈಫೈ, ಬ್ಲೂಟೂತ್ ಇರುವ ಪುಟ್ಟ ಕಂಪ್ಯೂಟರಾದ ಒಂದು ಇಎಸ್‌ಪಿ32 ಬೋರ್ಡು, ಡಿಆರ್‌ವಿ8871 ಮೋಟಾರ್ ಡ್ರೈವರ್, 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್, 12ನ್ನು 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್. ಮೂರು ಕಡೆ ಕೆಡುತ್ತದೆ. ಮೋಟಾರು ಹೊರಡುವ ಕ್ಷಣ ಇಎಸ್‌ಪಿ32 ರೀಸೆಟ್ ಆಗುತ್ತಿದ್ದರೆ ಅದರ 5 ವೋಲ್ಟ್ ಕಾಲಿನ ಹತ್ತಿರವೇ 470ರಿಂದ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಬೇಕು. ವೇಗಕ್ಕೆಂದು ತಿರುಗುಗುಂಡಿ ಜೋಡಿಸಿ, ವೈಫೈ ಹಚ್ಚಿದೊಡನೆ ಅದರ ಓದು ನಿಂತುಹೋದರೆ ಕಾರಣ, ವೋಲ್ಟೇಜು ಅಳೆಯುವ ಪಿನ್ನುಗಳಲ್ಲಿ ಎಡಿಸಿ2 ಗುಂಪಿನದಕ್ಕೆ ಅದನ್ನು ಜೋಡಿಸಿದ್ದು. ವೈಫೈ ನಡೆಯುವಾಗ ಆ ಗುಂಪು ಸಿಗುವುದಿಲ್ಲ, ಎಡಿಸಿ1ಕ್ಕೆ ಬದಲಿಸಬೇಕು. ಇನ್ನು ಪಿಡಬ್ಲ್ಯುಎಂ ಆವರ್ತನ, ಅಂದರೆ ವೇಗ ಹೊಂದಿಸಲು ಕರೆಂಟನ್ನು ಸೆಕೆಂಡಿಗೆ ಎಷ್ಟು ಸಲ ಹಚ್ಚಿ ಆರಿಸುತ್ತೇವೆ ಎಂಬುದು. 100 ಹರ್ಟ್ಸ್ ಆಸುಪಾಸಿನಲ್ಲಿ ಹಳೆಯ ಮೋಟಾರು ನಿಧಾನವಾಗಿ ಚೆನ್ನಾಗಿ ತೆವಳುತ್ತದೆ, ಆದರೆ ಗುಂಯ್‌ಗುಡುತ್ತದೆ. ಒಳಗೆ ಕಬ್ಬಿಣದ ತಿರುಳಿಲ್ಲದ ಕೋರ್‌ಲೆಸ್ ಮೋಟಾರಾದರೆ ಬಿಸಿಯಾಗಿ ಹಾಳಾಗುತ್ತದೆ. 20 ಕಿಲೊಹರ್ಟ್ಸ್ ಇಟ್ಟರೆ ಸದ್ದೂ ಇಲ್ಲ, ಮೋಟಾರಿಗೂ ಕ್ಷೇಮ. ಫೋನಿನಿಂದ 2 ಸೆಕೆಂಡು ಏನೂ ಬಾರದಿದ್ದರೆ ಮೋಟಾರು ನಿಲ್ಲಬೇಕೆಂಬ ಸಾಲನ್ನು ಪ್ರೋಗ್ರಾಮಿನಲ್ಲಿ ಮೊದಲೇ ಬರೆದುಬಿಡಿ.

ಡಿಸಿಸಿ ಜೊತೆಗೆ ವೈಫೈ

ಡಿಸಿಸಿಯಲ್ಲಿ ಹಳಿಗೆ ಸದಾ ಪೂರ್ತಿ ವೋಲ್ಟೇಜು ಇರುತ್ತದೆ. ಅದರ ಧ್ರುವ ಒಂದು ಸೆಕೆಂಡಿಗೆ ಸಾವಿರಾರು ಸಲ ಅದಲುಬದಲಾಗುತ್ತಿರುತ್ತದೆ, ಆ ಬದಲಾವಣೆಯಲ್ಲೇ ಮಾತು ಅಡಗಿದೆ. ಅರ್ಧ ಆವರ್ತ 58 ಮೈಕ್ರೊಸೆಕೆಂಡಾದರೆ ಅದು 1, ಸುಮಾರು 100 ಮೈಕ್ರೊಸೆಕೆಂಡಾದರೆ ಅದು 0. ಆ ಮಾತನ್ನು ಓದಿ ಮೋಟಾರನ್ನೂ ದೀಪವನ್ನೂ ನಡೆಸುವ ಚಿಕ್ಕ ಬೋರ್ಡು, ಅಂದರೆ ಡಿಕೋಡರು, ಪ್ರತಿ ಎಂಜಿನ್ನಿನೊಳಗಿದ್ದು ಅದಕ್ಕೊಂದು ವಿಳಾಸ ಇರುತ್ತದೆ. ಹೊಸದಾಗಿ ಕೊಂಡದ್ದರಲ್ಲಿ ಅದು 3. ತನ್ನ ವಿಳಾಸಕ್ಕೆ ಬಂದ ಮಾತನ್ನು ಮಾತ್ರ ಡಿಕೋಡರು ಕೇಳುತ್ತದೆ. ಇದು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಸ್ಥೆಯಾದ ಎನ್‌ಎಂಆರ್‌ಎಯ ಮಾನದಂಡವಾದ್ದರಿಂದ ಜರ್ಮನಿಯ ಡಿಕೋಡರು ಅಮೆರಿಕದ ಕಮಾಂಡ್ ಸ್ಟೇಷನ್ನಿನ ಮಾತು ಕೇಳುತ್ತದೆ. ಡಿಸಿಸಿಯ ಪರವಾಗಿ ಹೇಳಬೇಕಾದ ಅತಿ ದೊಡ್ಡ ಮಾತು ಇದೇ. ತಯಾರಕರು ಬಾಗಿಲು ಹಾಕಿದರೂ ನಿಮ್ಮ ಎಂಜಿನ್‌ಗಳು ಅನಾಥವಾಗುವುದಿಲ್ಲ.

ಫೋನು ಇಲ್ಲಿ ಎಂಜಿನ್ನಿನೊಡನೆ ನೇರ ಮಾತಾಡುವುದಿಲ್ಲ, ಕಮಾಂಡ್ ಸ್ಟೇಷನ್ನಿಗೆ ಹೇಳುತ್ತದೆ. ಆದ್ದರಿಂದ ಹತ್ತು ಎಂಜಿನ್ ಇದ್ದರೂ ರೇಡಿಯೊ ಒಂದೇ ಸಾಕು. ಹಳೆಯ ಎಂಜಿನ್‌ಗಳಿಗೆ ಮಾತ್ರ ಒಂದೊಂದು ಡಿಕೋಡರ್ ಹಾಕಬೇಕು.

ಸಿದ್ಧ ಪೆಟ್ಟಿಗೆ ಬೇಕೆನ್ನುವವರು ಮೊದಲು ನೋಡಬೇಕಾದದ್ದು ರೋಕೊ ಮತ್ತು ಫ್ಲೈಶ್‌ಮನ್‌ನ ಜಡ್21. 2012ರಲ್ಲಿ ಬಂದ ಈ ಕಪ್ಪು ಪೆಟ್ಟಿಗೆ ಫೋನು ಮತ್ತು ಟ್ಯಾಬ್ಲೆಟ್ಟಿಗೆಂದೇ ರೂಪುಗೊಂಡದ್ದು. 3.2 ಆಂಪಿಯರ್ ಕೊಡುತ್ತದೆ, ಹಳಿಯ ವೋಲ್ಟೇಜನ್ನು ಆ್ಯಪಿನಲ್ಲೇ ಹೊಂದಿಸಬಹುದು, ಪ್ರೋಗ್ರಾಮಿಂಗಿಗೆ, ಅಂದರೆ ಡಿಕೋಡರಿನ ವಿಳಾಸ ಮುಂತಾದವನ್ನು ಓದಿ ಬರೆಯುವುದಕ್ಕೆ, ಬೇರೆ ಹಳಿಯ ಜೋಡಣೆ ಇದೆ. ಎಚ್‌ಓಗೆ 15-16 ವೋಲ್ಟ್, ಅದಕ್ಕಿಂತ ಚಿಕ್ಕದಾದ ಎನ್ ಅಳತೆಗೆ 12-13 ವೋಲ್ಟ್ ಇಟ್ಟರೆ ಡಿಕೋಡರೂ ಬಲ್ಬೂ ತಣ್ಣಗಿರುತ್ತವೆ. ವೈಫೈ ಪೆಟ್ಟಿಗೆಯೊಳಗಿಲ್ಲ, ಜೊತೆಗೆ ಬರುವ ರೌಟರಿನಲ್ಲಿದೆ. ಸ್ಟೇಷನ್ನಿನ ವಿಳಾಸ 192.168.0.111. ಮನೆಯ ರೌಟರಿಗೇ ಜೋಡಿಸಲು ಹೊರಟರೆ ಅದು 192.168.1 ಸಾಲಿನ ವಿಳಾಸ ಹಂಚುತ್ತಿರಬಹುದು. ಆಗ ಆ್ಯಪಿಗೆ ಪೆಟ್ಟಿಗೆ ಕಾಣಿಸುವುದೇ ಇಲ್ಲ. ಎರಡರಲ್ಲಿ ಒಂದರ ವಿಳಾಸ ಬದಲಿಸಬೇಕು, ಇಲ್ಲವೇ ಬಂದ ರೌಟರನ್ನೇ ರೈಲಿಗೆಂದು ಮೀಸಲಿಡಬೇಕು. ನಮ್ಮ ಸಲಹೆ ಎರಡನೆಯದು.

ಸ್ಟಾರ್ಟರ್ ಸೆಟ್ಟಿನೊಡನೆ ಬರುವ ಬಿಳಿ ಪೆಟ್ಟಿಗೆ, ಜಡ್21 ಸ್ಟಾರ್ಟ್, ನೋಡಲು ಅದೇ ಕುಟುಂಬದ್ದು. ಆದರೆ ಅದರ ನೆಟ್‌ವರ್ಕ್ ಕಿಂಡಿಗೆ ಬೀಗ ಹಾಕಿರುತ್ತದೆ. ಫೋನಿನಿಂದ ಓಡಿಸಲು ಅನ್‌ಲಾಕ್ ಕೋಡನ್ನೂ ರೌಟರನ್ನೂ ಬೇರೆಯಾಗಿ ಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೀಗ ತೆಗೆದಿದೆಯೇ ಎಂದು ಕೇಳಿ, ಫೋನಿನಲ್ಲಿ ಓಡಿಸಿ ತೋರಿಸಿದ ಮೇಲೆಯೇ ದುಡ್ಡು ಕೊಡಿ.

ಈಗಾಗಲೇ ಡಿಸಿಸಿ ಇರುವವರು ಅದನ್ನು ಮಾರುವ ಅಗತ್ಯವಿಲ್ಲ. ಡಿಜಿಟ್ರಾಕ್ಸ್ ಕಂಪನಿಯ ಸ್ಟೇಷನ್ ಇದ್ದರೆ ಎಲ್‌ಎನ್‌ಡಬ್ಲ್ಯುಐ ಎಂಬ ಪುಟ್ಟ ಪೆಟ್ಟಿಗೆಯನ್ನು ಅದರ ಲೋಕೊನೆಟ್ ಎಂಬ ಸಂಪರ್ಕ ತಂತಿಗೆ ಸಿಕ್ಕಿಸಿದರೆ ನಾಲ್ಕು ಫೋನುಗಳವರೆಗೆ ಸೇರಬಹುದು. ಬೇರೆ ಯಾವುದೇ ಸ್ಟೇಷನ್ನಿಗೆ ಕಂಪ್ಯೂಟರ್ ಜೋಡಣೆಯಿದ್ದರೆ ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶ ಸಾಕು. ರಾಸ್‌ಬೆರಿ ಪೈ ಅಥವಾ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿ, ಒಳಗಿನ ವೈಥ್ರಾಟಲ್ ಸರ್ವರ್ ಶುರು ಮಾಡಿದರೆ 12090ನೆಯ ಪೋರ್ಟಿನಲ್ಲಿ ಫೋನುಗಳು ಬಂದು ಸೇರುತ್ತವೆ. ಇದಕ್ಕೆ ಬೇಕಾದ ಆ್ಯಪ್ ಆಂಡ್ರಾಯ್ಡಿನಲ್ಲಿ ಎಂಜಿನ್ ಡ್ರೈವರ್, ಐಫೋನಿನಲ್ಲಿ ಸರ್ವರಿನ ಹೆಸರೇ ಇರುವ ವೈಥ್ರಾಟಲ್. ಮೊದಲನೆಯದು ಪೂರ್ತಿ ಉಚಿತ, ಎರಡನೆಯದರ ಲೈಟ್ ಆವೃತ್ತಿ ಉಚಿತ. ಎಂಜಿನ್ ಡ್ರೈವರಿನಲ್ಲಿ ಫೋನಿನ ವಾಲ್ಯೂಮ್ ಗುಂಡಿಯಿಂದಲೇ ವೇಗ ಏರಿಸಿ ಇಳಿಸಬಹುದು. ಕಣ್ಣು ರೈಲಿನ ಮೇಲೆ ಇಟ್ಟುಕೊಂಡು ಓಡಿಸಲು ಇದಕ್ಕಿಂತ ದೊಡ್ಡ ಅನುಕೂಲವಿಲ್ಲ, ಗಾಜಿನ ಪರದೆಯ ಮೇಲೆ ಬೆರಳಿಗೆ ಏನೂ ತಿಳಿಯುವುದಿಲ್ಲವಲ್ಲ.

ಡಿಸಿಸಿ-ಇಎಕ್ಸ್: ಕಟ್ಟುವಾಗ ಎಡವುವ ಜಾಗಗಳು

ಡಿಸಿಸಿ-ಇಎಕ್ಸ್ ಎನ್ನುವುದು ಸ್ವಯಂಸೇವಕರು ಬರೆದು ಹಂಚುವ ಮುಕ್ತ ತಂತ್ರಾಂಶ. ಆರ್ಡುಯಿನೊ ಮೆಗಾ 2560, ಅದರ ಮೇಲೆ ಕೂತು ಹಳಿಗೆ ಕರೆಂಟು ಕೊಡುವ ಮೋಟಾರ್ ಶೀಲ್ಡ್ ಆರ್3, ಒಂದು ಇಎಸ್‌ಪಿ8266 ವೈಫೈ ತುಣುಕು, ಎರಡು ಅಡಾಪ್ಟರು ಇದ್ದರೆ ಕಮಾಂಡ್ ಸ್ಟೇಷನ್ ಸಿದ್ಧ. ಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಥವಾ ಆನ್‌ಲೈನಿನಲ್ಲಿ ಸಿಗುವಂಥವು. ಸಿದ್ಧ ಪೆಟ್ಟಿಗೆಯನ್ನು ಹೊರದೇಶದಿಂದ ತರಿಸಿ ಕಸ್ಟಮ್ಸ್ ಕಟ್ಟುವುದಕ್ಕೆ ಹೋಲಿಸಿದರೆ ಖರ್ಚು ಬಹಳ ಕಡಿಮೆ.

ಆದರೆ ಶೀಲ್ಡ್ ಕೊಳ್ಳುವಾಗಲೇ ಎಚ್ಚರ ಬೇಕು. ಮೋಟಾರ್ ಶೀಲ್ಡ್ ಎಂದು ಕೇಳಿದರೆ ಅಂಗಡಿಯಲ್ಲಿ ಎಲ್293ಡಿ ಚಿಪ್ಪಿನ ಅಗ್ಗದ ಬೋರ್ಡನ್ನು ಕೊಡುವ ಸಂಭವವೇ ಹೆಚ್ಚು. ಅದು ಇದಕ್ಕೆ ಆಗುವುದಿಲ್ಲ. ಅದರ ಪಿನ್ನುಗಳ ನಡುವೆ ಶಿಫ್ಟ್ ರಿಜಿಸ್ಟರ್ ಇರುವುದರಿಂದ ಡಿಸಿಸಿಗೆ ಬೇಕಾದ ವೇಗದಲ್ಲಿ ಧ್ರುವ ಬದಲಿಸಲು ಬರುವುದಿಲ್ಲ, ಕರೆಂಟು ಅಳೆಯುವ ಏರ್ಪಾಡೂ ಇಲ್ಲ. ಬೇಕಾದದ್ದು ಎಲ್298 ಚಿಪ್ಪಿನ ಆರ್3 ವಿನ್ಯಾಸ.

ಶೀಲ್ಡನ್ನು ಮೆಗಾದ ಮೇಲೆ ಕೂರಿಸುವ ಮೊದಲು ತಿರುಗಿಸಿ ಹಿಂಬದಿ ನೋಡಿ. ವಿನ್ ಕನೆಕ್ಟ್ ಎಂದು ಗುರುತಿಸಿದ ಎರಡು ಪುಟ್ಟ ಪಟ್ಟಿಗಳ ನಡುವೆ ತಾಮ್ರದ ಒಂದು ಸಣ್ಣ ಗೆರೆ ಇರುತ್ತದೆ. ಅದನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಮಲ್ಟಿಮೀಟರನ್ನು ಬೀಪ್ ಮೋಡಿನಲ್ಲಿಟ್ಟು ಎರಡೂ ಬದಿ ಮುಟ್ಟಿಸಿ. ಸದ್ದು ಬಾರದಿದ್ದರೆ ಕತ್ತರಿಸಿದ್ದು ಸರಿಯಾಗಿದೆ. ಬಿಟ್ಟರೆ ಹಳಿಗೆಂದು ಕೊಟ್ಟ 14-15 ವೋಲ್ಟ್ ಮೆಗಾದ ರೆಗ್ಯುಲೇಟರಿಗೂ ನುಗ್ಗುತ್ತದೆ. ಅದು ಬಿಸಿಯಾಗಿ ಮೊದಲು ಆಗಾಗ ರೀಸೆಟ್, ಆಮೇಲೆ ಬೋರ್ಡೇ ಹೋಗುತ್ತದೆ. ಕತ್ತರಿಸಿದ ಮೇಲೆ ಮೆಗಾಗೆ 7ರಿಂದ 9 ವೋಲ್ಟಿನ ಒಂದು ಅಡಾಪ್ಟರು, ಶೀಲ್ಡಿಗೆ 14-15 ವೋಲ್ಟಿನ ಇನ್ನೊಂದು. ಎಲ್298 ತನ್ನಲ್ಲೇ ಸುಮಾರು 2 ವೋಲ್ಟ್ ನುಂಗುವುದರಿಂದ ಎಚ್‌ಓಗೆ 12 ವೋಲ್ಟಿನ ಅಡಾಪ್ಟರ್ ಹಾಕಿದರೆ ಎಂಜಿನ್ನು ಸುಸ್ತಾದಂತೆ ಓಡುತ್ತದೆ.

ವೈಫೈ ತುಣುಕಿನದು ಇನ್ನೊಂದು ಕಥೆ. ಇಎಸ್‌ಪಿ8266 ಚಿಪ್ಪಿನ ಇಎಸ್‌ಪಿ-01ಎಸ್ ತುಣುಕು ಸಂಕೇತ ಕಳಿಸುವ ಕ್ಷಣಗಳಲ್ಲಿ ಸುಮಾರು 300 ಮಿಲಿಆಂಪಿಯರ್ ಎಳೆಯುತ್ತದೆ. ಮೆಗಾದ 3.3 ವೋಲ್ಟ್ ಪಿನ್ನಿಗೆ ತಯಾರಕರು ಹೇಳುವ ಮಿತಿ 50 ಮಿಲಿಆಂಪಿಯರ್ ಮಾತ್ರ. ದೀಪ ಹತ್ತುತ್ತದೆ, ನೆಟ್‌ವರ್ಕ್ ಹೆಸರೂ ಫೋನಿನಲ್ಲಿ ಒಮ್ಮೊಮ್ಮೆ ಕಾಣುತ್ತದೆ, ಸೇರಲು ಹೋದರೆ ಮಾಯವಾಗುತ್ತದೆ. ತಂತ್ರಾಂಶದಲ್ಲಿ ತಪ್ಪು ಹುಡುಕುತ್ತ ಕೂರುವವರು ಬಹಳ. ತಪ್ಪಿರುವುದು ಆ ಪಿನ್ನಿನಲ್ಲಿ. 5 ವೋಲ್ಟಿನಿಂದ ನಡೆಯುವ, ತನ್ನದೇ 3.3 ವೋಲ್ಟ್ ರೆಗ್ಯುಲೇಟರ್ ಇರುವ ಅಡಾಪ್ಟರ್ ಬೋರ್ಡಿನ ಮೇಲೆ ಅದನ್ನು ಕೂರಿಸಿ. ತುಣುಕಿನ ಟಿಎಕ್ಸ್ ಕಾಲು ಮೆಗಾದ 19ಕ್ಕೆ, ಆರ್‌ಎಕ್ಸ್ ಕಾಲು 18ಕ್ಕೆ ಹೋಗಬೇಕು.

ತಂತ್ರಾಂಶ ತುಂಬಲು ಇಎಕ್ಸ್-ಇನ್‌ಸ್ಟಾಲರ್ ಇದೆ. ಬೋರ್ಡನ್ನೂ ಶೀಲ್ಡನ್ನೂ ಆರಿಸಿ, ವೈಫೈಯನ್ನು ಆ್ಯಕ್ಸೆಸ್ ಪಾಯಿಂಟ್ ಎಂದು ಗುರುತಿಸಿದರೆ ಸಾಕು. ಸ್ಟೇಷನ್ ತನ್ನದೇ ನೆಟ್‌ವರ್ಕ್ ಹುಟ್ಟಿಸುತ್ತದೆ. ಹೆಸರು ಡಿಸಿಸಿಇಎಕ್ಸ್ ಎಂದು ಶುರುವಾಗಿ, ಅಡಿಗೆರೆ ಹಾಗೂ ಆರು ಅಕ್ಷರಗಳಲ್ಲಿ ಮುಗಿಯುತ್ತದೆ. ಪಾಸ್‌ವರ್ಡ್ ಕೂಡ ಅದೇ ಆರು ಅಕ್ಷರ, ಮುಂದೆ ಪಾಸ್ ಎಂಬುದು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಮತ್ತು ಅಡಿಗೆರೆ. ಆ್ಯಪಿನಲ್ಲಿ ಕೊಡಬೇಕಾದ ವಿಳಾಸ 192.168.4.1, ಪೋರ್ಟ್ 2560. ಏಕಕಾಲಕ್ಕೆ ನಾಲ್ಕೈದು ಫೋನು ಸೇರಬಹುದು.

ಇದರ ಮಿತಿ ಕರೆಂಟು. ಆರ್3 ಶೀಲ್ಡಿನ ಒಂದು ಚಾನೆಲ್ಲಿಗೆ 2 ಆಂಪಿಯರ್ ಎಂದು ಬರೆದಿದ್ದರೂ ತಂತ್ರಾಂಶ 1.5ರಲ್ಲೇ ಕಡಿದುಬಿಡುತ್ತದೆ. ಈಚಿನ ಎಚ್‌ಓ ಎಂಜಿನ್ನು ಸದ್ದಿನೊಡನೆ ಅರ್ಧ ಆಂಪಿಯರಿನೊಳಗೆ ಓಡುವುದರಿಂದ ಮೂರು ಎಂಜಿನ್‌ಗೆ ತೊಂದರೆಯಿಲ್ಲ. ಹೆಚ್ಚು ಬೇಕಾದವರಿಗೆ, ಕತ್ತರಿಸುವ ಬೆಸೆಯುವ ಕೆಲಸವೇ ಬೇಡ ಎನ್ನುವವರಿಗೆ, ಅದೇ ತಂಡದ ಇಎಕ್ಸ್-ಸಿಎಸ್‌ಬಿ1 ಎಂಬ ಸಿದ್ಧ ಬೋರ್ಡಿದೆ. ಇಎಸ್‌ಪಿ32 ಆಧಾರದ್ದು, ವೈಫೈ, ಮೋಟಾರ್ ಡ್ರೈವರ್, ಪುಟ್ಟ ಪರದೆ ಎಲ್ಲವೂ ಅದರಲ್ಲೇ ಇವೆ. ನಮ್ಮ ಅಂಗಡಿಗಳಲ್ಲಿ ಸಿಗುವುದನ್ನು ನೆಚ್ಚಬೇಡಿ, ತರಿಸಬೇಕು.

ಪ್ರೋಗ್ರಾಮಿಂಗ್ ಹಳಿಯಲ್ಲಿ ಡಿಕೋಡರಿನ ವಿಳಾಸ ಓದಲು ಬಾರದಿದ್ದರೆ ಹೆದರಬೇಡಿ. ಡಿಕೋಡರು ಹೌದು ಎನ್ನುವುದು 60 ಮಿಲಿಆಂಪಿಯರಿನ, 6 ಮಿಲಿಸೆಕೆಂಡಿನ ಒಂದು ಎಳೆತದಿಂದ. ಚಕ್ರದಲ್ಲಿ ಕೊಳೆಯಿದ್ದರೆ ಅದು ತಲುಪುವುದಿಲ್ಲ. ಹಳಿಯ ಸಂಪರ್ಕ ತಪ್ಪಿದ ಕ್ಷಣಗಳಲ್ಲಿ ಎಂಜಿನ್ ನಿಲ್ಲದಂತೆ ನೋಡಿಕೊಳ್ಳುವ ಕೀಪ್-ಅಲೈವ್ ಕೆಪಾಸಿಟರ್ ಇದ್ದರೆ ಅದರೊಳಗೇ ಮುಳುಗಿಹೋಗುತ್ತದೆ. ಮೊದಲು ಚಕ್ರ ಒರೆಸಿ, ಆಮೇಲೆ ಕೆಪಾಸಿಟರ್ ಕಳಚಿ ನೋಡಿ. ಅದೂ ಆಗದಿದ್ದರೆ ಮುಖ್ಯ ಹಳಿಯಲ್ಲೇ ಬರೆಯುವ ವಿಧಾನವಿದೆ, ಓದದಿದ್ದರೂ ಬರೆಯುತ್ತದೆ.

ಹಳೆಯ ಎಂಜಿನ್ನಿಗೆ ಡಿಕೋಡರ್

ಎಂಜಿನ್ನಿನೊಳಗೆ 8 ಪಿನ್ನಿನ, 21 ಪಿನ್ನಿನ ಅಥವಾ ನೆಕ್ಸ್ಟ್18 ಸಾಕೆಟ್ ಇದ್ದರೆ ಅದಕ್ಕೆ ತಕ್ಕ ಡಿಕೋಡರ್ ಸಿಕ್ಕಿಸಿದರೆ ಮುಗಿಯಿತು. ಸಾಕೆಟ್ ಇಲ್ಲದ ಹಳೆಯದರಲ್ಲಿ ತಂತಿಗಳ ಬಣ್ಣ ನೋಡಿ ಬೆಸೆಯಬೇಕು. ಕೆಂಪು ಮತ್ತು ಕಪ್ಪು ಹಳಿಯ ಕಡೆಗೆ, ಕಿತ್ತಳೆ ಮತ್ತು ಬೂದು ಮೋಟಾರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ನೀಲಿ ದೀಪಗಳೆರಡಕ್ಕೂ ಸಾಮಾನ್ಯ.

ಇಲ್ಲಿ ಒಂದೇ ತಪ್ಪು ಎಲ್ಲವನ್ನೂ ಸುಡುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಮೋಟಾರಿನ ಒಂದು ಬ್ರಷ್ ಲೋಹದ ಚಾಸಿಗೇ ತಾಗಿರುತ್ತದೆ, ಚಾಸಿ ಒಂದು ಹಳಿಗೆ. ಆ ತಾಗು ಹಾಗೇ ಉಳಿದರೆ ಹಳಿಯ ವೋಲ್ಟೇಜು ಡಿಕೋಡರಿನ ಮೋಟಾರ್ ಕಾಲಿಗೆ ಹಿಂದಿನಿಂದ ಬಂದು, ಮೊದಲ ಸಲ ಪವರ್ ಕೊಟ್ಟಾಗಲೇ ಹೊಗೆ ಬರುತ್ತದೆ. ಬೆಸೆಯುವ ಮೊದಲು ಮಲ್ಟಿಮೀಟರಿನಿಂದ ಎರಡೂ ಬ್ರಷ್ಷುಗಳಿಗೂ ಎಲ್ಲ ಚಕ್ರಗಳಿಗೂ ನಡುವೆ ಸಂಪರ್ಕವೇ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇನ್ನೊಂದು ಅಳತೆಯೂ ಬೇಕು: 12 ವೋಲ್ಟ್ ಕೊಟ್ಟು, ಎಂಜಿನ್ನನ್ನು ಒತ್ತಿ ಚಕ್ರ ನಿಲ್ಲಿಸಿ, ಒಂದು ಕ್ಷಣ ಮೋಟಾರು ಎಷ್ಟು ಎಳೆಯುತ್ತದೆ ನೋಡಿ. ಅದು ಡಿಕೋಡರಿನ ಗರಿಷ್ಠ ಮಿತಿಗಿಂತ ಕಡಿಮೆ ಇರಬೇಕು.

ರೇಡಿಯೊ ಎಂಜಿನ್ನಿನೊಳಗೇ ಇದ್ದರೆ

ಈ ದಾರಿಯಲ್ಲಿ ಕಮಾಂಡ್ ಸ್ಟೇಷನ್ ಎಂಬುದೇ ಇಲ್ಲ. ಹಳಿ ಬರೀ ಕರೆಂಟು ಕೊಡುತ್ತದೆ, ಮಾತು ಗಾಳಿಯಲ್ಲಿ ನೇರ ಎಂಜಿನ್ನಿಗೆ ಹೋಗುತ್ತದೆ. ಹಾರ್ನ್‌ಬಿಯ ಎಚ್‌ಎಂ7000 ಡಿಕೋಡರುಗಳು, ಸೌಂಡ್‌ಟ್ರ್ಯಾಕ್ಸ್‌ನ ಬ್ಲೂನಾಮಿ, ಬಾಕ್‌ಮನ್‌ನ ಇ-ಜಡ್ ಆ್ಯಪ್ ಎಂಜಿನ್‌ಗಳು ಈ ಜಾತಿಯವು. ಶುರುಮಾಡುವವರಿಗೆ ಇದರಷ್ಟು ಹಗುರವಾದದ್ದು ಇಲ್ಲ.

ಎಚ್‌ಎಂ7000 ಸದ್ದಿನ ಡಿಕೋಡರು ಬ್ಲೂಟೂತಿನಲ್ಲೂ ಕೇಳುತ್ತದೆ, ಡಿಸಿಸಿಯಲ್ಲೂ ಕೇಳುತ್ತದೆ. ನಾಳೆ ಡಿಸಿಸಿಗೆ ಹೋದರೂ ಕೊಂಡದ್ದು ವ್ಯರ್ಥವಾಗುವುದಿಲ್ಲ, ಆದ್ದರಿಂದ ಓಓ ಓಡಿಸುವವರಿಗೆ ನಾವು ಇದನ್ನೇ ಮೊದಲು ಹೇಳುತ್ತೇವೆ. ಬೇರೆ ಎಂಜಿನ್ನಿನ ಸದ್ದು ಬೇಕಾದರೆ ಆ್ಯಪಿನಿಂದಲೇ ತುಂಬಬಹುದು. ಅದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ, ನಡುವೆ ಫೋನಿನ ಪರದೆ ಆರಬಾರದು, ಹಳಿಯ ಕರೆಂಟು ಹೋಗಬಾರದು. ಬ್ಲೂನಾಮಿಯ ಬಲ ಅದರ ಸದ್ದು ಮತ್ತು ಅದು ಎಂಥ ಕರೆಂಟಿನಲ್ಲೂ ನಡೆಯುವುದು: ಸ್ಥಿರ ಡಿಸಿ, ಡಿಸಿಸಿ, ಬ್ಯಾಟರಿ ಯಾವುದಾದರೂ ಸರಿ. ಅಮೆರಿಕದ ಎಂಜಿನ್ ಇರುವವರಿಗೆ ಸರಿಹೊಂದುತ್ತದೆ. ಬಾಕ್‌ಮನ್‌ನದರಲ್ಲಿ ರೇಡಿಯೊ ಆಯ್ದ ಎಂಜಿನ್‌ಗಳೊಳಗೆ ಸೇರಿಕೊಂಡೇ ಬರುವುದರಿಂದ, ನಿಮ್ಮಲ್ಲಿರುವ ಬೇರೆ ಎಂಜಿನ್‌ಗಳನ್ನು ಆ ಆ್ಯಪಿಗೆ ಸೇರಿಸುವ ದಾರಿ ಇಕ್ಕಟ್ಟು.

ಹಳಿಗೆ ಸ್ಥಿರ 15 ವೋಲ್ಟ್ ಡಿಸಿ ಕೊಟ್ಟು ಓಡಿಸುವಾಗ ಒಂದು ಅಪಾಯ ನೆನಪಿರಲಿ. ಡಿಕೋಡರ್ ಇಲ್ಲದ ಹಳೆಯ ಎಂಜಿನ್ನನ್ನು ಯಾರಾದರೂ ಆ ಹಳಿಯ ಮೇಲಿಟ್ಟರೆ ಅದು ಇಟ್ಟ ಕ್ಷಣವೇ ಪೂರ್ತಿ ವೇಗದಲ್ಲಿ ಹೊರಟು ಮೊದಲ ತಿರುವಿನಲ್ಲೇ ಮೇಜಿನಿಂದ ಬೀಳುತ್ತದೆ. ಮಕ್ಕಳಿರುವ ಮನೆಯಲ್ಲಿ ಎರಡು ಬಗೆಯ ಎಂಜಿನ್‌ಗಳನ್ನು ಬೇರೆಬೇರೆ ಡಬ್ಬಿಯಲ್ಲಿಡಿ.

ಖರ್ಚಿನ ಲೆಕ್ಕ ಹೀಗೆ ಹಾಕಬೇಕು. ಇಲ್ಲಿ ಶುರುವಿನ ಖರ್ಚು ಕಡಿಮೆ, ಆದರೆ ಪ್ರತಿ ಎಂಜಿನ್ನಿಗೂ ರೇಡಿಯೊ ಇರುವ ದುಬಾರಿ ಡಿಕೋಡರ್ ಬೇಕು. ಡಿಸಿಸಿಯಲ್ಲಿ ಸ್ಟೇಷನ್ನಿಗೆ ಒಮ್ಮೆ ಹೆಚ್ಚು ಕೊಟ್ಟರೆ ಆಮೇಲೆ ಸದ್ದಿಲ್ಲದ ಸಾದಾ ಡಿಕೋಡರಿನಲ್ಲೂ ಕೆಲಸ ಸಾಗುತ್ತದೆ. ಪಾಯಿಂಟುಗಳ ವಿಷಯದಲ್ಲೂ ಡಿಸಿಸಿ ಮುಂದು. ಅಕ್ಸೆಸರಿ ಡಿಕೋಡರನ್ನು ಹಳಿಯ ತಂತಿಗೇ ಜೋಡಿಸಿದರೆ ಅದೇ ಆ್ಯಪಿನಿಂದ ಪಾಯಿಂಟು ತಿರುಗುತ್ತದೆ.

ಹಳಿಯಿಂದ ಕರೆಂಟೇ ತೆಗೆದುಕೊಳ್ಳದೆ ಬ್ಯಾಟರಿಯಲ್ಲಿ ಓಡಿಸುವ ಪದ್ಧತಿಗೆ ಡೆಡ್ ರೈಲ್ ಎನ್ನುತ್ತಾರೆ. ಅಂಗಳದಲ್ಲಿ ಹಾಕಿದ ದೊಡ್ಡ ಅಳತೆಯ ಹಳಿಗೆ ಇದೇ ಸರಿ, ಮಳೆ ಮಣ್ಣಿನಲ್ಲಿ ಹಳಿಯ ಸಂಪರ್ಕ ಕಾಪಾಡುವುದು ಆಗದ ಮಾತು. ಎಚ್‌ಓದಲ್ಲಿ ಜಾಗವೇ ಸಮಸ್ಯೆ. 18650 ಸೆಲ್ಲಿನ ಅಡ್ಡಳತೆ 18 ಮಿ.ಮೀ., ಉದ್ದ 65. ಮೂರು ಸೆಲ್ಲು ಸೇರಿದರೆ 11.1 ವೋಲ್ಟ್ ಬರುತ್ತದೆ, ಆದರೆ ಅವು ಎಂಜಿನ್ನಿನಲ್ಲಿ ಹಿಡಿಸದೆ ಹಿಂದಿನ ಗೂಡ್ಸ್ ವ್ಯಾಗನ್ನಿಗೆ ಹೋಗಬೇಕಾಗುತ್ತದೆ. ರಕ್ಷಣೆಯ ಬಿಎಂಎಸ್ ಬೋರ್ಡಿಲ್ಲದೆ ಲಿಥಿಯಂ ಸೆಲ್ಲು ಜೋಡಿಸಬೇಡಿ, ಯಾರೂ ಇಲ್ಲದ ಕೋಣೆಯಲ್ಲಿ ಚಾರ್ಜಿಗೂ ಇಡಬೇಡಿ.

ಲೆಗೊ ಮತ್ತು ಲಯನೆಲ್

ಲೆಗೊ ರೈಲುಗಳಲ್ಲಿ 2018ರಿಂದ ಪವರ್ಡ್ ಅಪ್ ಪದ್ಧತಿ ಇದೆ. ರೈಲಿನಲ್ಲಿ ಕೂರುವ ಹಬ್ ಎಂಬ ಡಬ್ಬಿಯಲ್ಲಿ ಆರು ಎಎಎ ಸೆಲ್ಲು, ಬ್ಲೂಟೂತ್, ಹಳಿ ಬರೀ ಪ್ಲಾಸ್ಟಿಕ್. ಚಿಕ್ಕ ಮಕ್ಕಳಿಗೆ ಇದರಲ್ಲಿ ಕೆಡುವಂಥದ್ದು ಕಡಿಮೆ. 1.2 ವೋಲ್ಟಿನ ರೀಚಾರ್ಜಬಲ್ ಸೆಲ್ಲು ಹಾಕಿದರೆ ಒಟ್ಟು 9ರ ಬದಲು 7.2 ವೋಲ್ಟ್ ಆಗಿ ವೇಗ ತುಸು ಇಳಿಯುತ್ತದೆ, ಅದು ದೋಷವಲ್ಲ.

ಅಮೆರಿಕದಲ್ಲಿರುವ ನೆಂಟರು ಊರಿಗೆ ಬರುವಾಗ ತರುವುದು ಹೆಚ್ಚಾಗಿ ಲಯನೆಲ್‌ನ ಲಯನ್‌ಚೀಫ್ ಸೆಟ್ಟು. ಬ್ಲೂಟೂತ್ ಇರುವ ಎಂಜಿನ್ ಆ್ಯಪಿನಿಂದ ಸೊಗಸಾಗಿ ಓಡುತ್ತದೆ. ಪ್ಲಗ್ಗಿಗೆ ಹಾಕುವ ಮೊದಲು ಪವರ್ ಸಪ್ಲೈ ಮೇಲಿನ ಬರಹ ಓದಿ. ಇನ್‌ಪುಟ್ 100ರಿಂದ 240 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ಸರಿ. 120 ವೋಲ್ಟ್ ಎಂದಷ್ಟೇ ಇದ್ದರೆ ಪಿನ್ ಬದಲಿಸುವ ಅಡಾಪ್ಟರು ಸಾಲದು, ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರೇ ಬೇಕು.

ಫೋನು ಕೊಡುವ ಕಾಟ

ವೈಫೈ ದಾರಿಯಲ್ಲಿ ಬರುವ ದೂರುಗಳಲ್ಲಿ ಬಹುಪಾಲು ರೈಲಿನದ್ದಲ್ಲ, ಫೋನಿನದ್ದು. ರೈಲಿನ ನೆಟ್‌ವರ್ಕಿನಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡ ಆಂಡ್ರಾಯ್ಡ್ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರುತ್ತದೆ, ಆ್ಯಪ್ ಸ್ಟೇಷನ್ ಸಿಗುತ್ತಿಲ್ಲ ಎನ್ನುತ್ತದೆ. ಓಡಿಸುವಾಗ ಮೊಬೈಲ್ ಡೇಟಾ ಆರಿಸಿ. ಐಫೋನಿನಲ್ಲಿ ಐಓಎಸ್ 14ರಿಂದ ಈಚೆಗೆ ಲೋಕಲ್ ನೆಟ್‌ವರ್ಕ್ ಅನುಮತಿ ಕೇಳುತ್ತದೆ. ಒಮ್ಮೆ ಬೇಡವೆಂದರೆ ಆ್ಯಪಿಗೆ ಏನೂ ಕಾಣುವುದಿಲ್ಲ, ಸೆಟ್ಟಿಂಗ್ಸಿಗೆ ಹೋಗಿ ಹಚ್ಚಬೇಕು. ಬ್ಲೂಟೂತಿನ ಆ್ಯಪಿಗೆ ಆಂಡ್ರಾಯ್ಡ್ 11ರವರೆಗೆ ಲೊಕೇಶನ್ ಅನುಮತಿ, 12ರಿಂದ ಹತ್ತಿರದ ಸಾಧನಗಳ ಅನುಮತಿ ಬೇಕು.

ಇಎಸ್‌ಪಿ8266 ಮತ್ತು ಸಾದಾ ಇಎಸ್‌ಪಿ32ಕ್ಕೆ 5 ಗಿಗಾಹರ್ಟ್ಸ್ ತಿಳಿಯದು, 2.4 ಮಾತ್ರ. ಅಪಾರ್ಟ್‌ಮೆಂಟಿನಲ್ಲಿ ಆ ಪಟ್ಟಿ ಅಕ್ಕಪಕ್ಕದ ರೌಟರುಗಳಿಂದ ತುಂಬಿರುತ್ತದೆ. ಚಾನೆಲ್ 1, 6, 11ರಲ್ಲಿ ಯಾವುದು ಖಾಲಿಯೋ ಅದಕ್ಕೆ ಬದಲಿಸಿ. ಮನೆಯ ರೌಟರಿನ ಗೆಸ್ಟ್ ನೆಟ್‌ವರ್ಕಿಗೆ ರೈಲನ್ನು ಸೇರಿಸಬೇಡಿ, ಅಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆ ಇರುತ್ತದೆ. ಸರ್ವರ್ ತಾನಾಗಿ ಕಾಣದಿದ್ದರೆ ವಿಳಾಸ, ಪೋರ್ಟ್ ಎರಡನ್ನೂ ಕೈಯಾರೆ ಬರೆಯಿರಿ. ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ್ಯಪನ್ನು ಹೊರಗಿಡಿ, ಓಡಿಸುವಷ್ಟು ಹೊತ್ತು ಕರೆ ಬಾರದಂತೆ ಮಾಡಿಕೊಳ್ಳಿ.

ಗುಂಡಿ ತಿರುಗಿಸಿ ಓಡಿಸುವ ಸುಖ ಬೇಕೆನಿಸುವ ದಿನ ಬಂದೇ ಬರುತ್ತದೆ. ಜಡ್21ಕ್ಕೆ ರೋಕೊದ ವೈಫೈ ಇರುವ ಕೈ-ಕಂಟ್ರೋಲರ್ ವ್ಲಾನ್‌ಮೌಸ್ ಇದೆ. ವೈಥ್ರಾಟಲ್ ಮಾತಾಡುವ ಸ್ಟೇಷನ್‌ಗಳಿಗೆ ಟಿಸಿಎಸ್ ಕಂಪನಿಯ ಯುಡಬ್ಲ್ಯುಟಿ ಎಂಬ ಕೈ-ಕಂಟ್ರೋಲರುಗಳಿವೆ. ಎಂಜಿನ್ನಿನೊಳಗೆ ಬ್ಲೂಟೂತ್ ಇರುವ ಪದ್ಧತಿಗಳಲ್ಲಿ ಇಂಥ ಆಯ್ಕೆ ಬಹಳ ಕಡಿಮೆ. ನಾವು ಡಿಸಿಸಿಯ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ.

ಹಳಿ ಮತ್ತು ತಂತಿ

ಬ್ಯಾಟರಿಯ ರೈಲು ಬಿಟ್ಟರೆ ಉಳಿದೆಲ್ಲವೂ ನಿಂತಿರುವುದು ಚಕ್ರ ಹಳಿಗೆ ತಾಗುವ ಆ ಚುಕ್ಕಿಯ ಮೇಲೆ. ಎಂಜಿನ್ನು ಪಾಯಿಂಟಿನ ಮೇಲೆ ತಡವರಿಸಿ, ಸದ್ದು ನಿಂತು ಮತ್ತೆ ಶುರುವಾದರೆ ವೈಫೈಯನ್ನು ದೂರಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿದ, ನೂಲು ಬಿಡದ ಬಟ್ಟೆಯಿಂದ ಹಳಿ ಒರೆಸಿ, ಚಕ್ರಗಳನ್ನೂ ಒರೆಸಿ. ಉಪ್ಪುಕಾಗದ ತಿಕ್ಕಿದರೆ ಬೀಳುವ ಗೀರುಗಳಲ್ಲೇ ಕೊಳೆ ಇನ್ನಷ್ಟು ಬೇಗ ಕೂರುತ್ತದೆ. ಮಂಗಳೂರು, ಉಡುಪಿ, ಕಾರವಾರದ ತೇವದ ಗಾಳಿಯಲ್ಲಿ ಉಕ್ಕಿನ ಹಳಿ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಬೇಗ ಕಪ್ಪಾಗುತ್ತದೆ. ಅಲ್ಲಿಯವರು ನಿಕಲ್ ಸಿಲ್ವರ್ ಹಳಿಯನ್ನೇ ಕೊಳ್ಳಿ.

ಹಳಿ ಜೋಡಿಸುವ ಲೋಹದ ಜೋಡಕಗಳನ್ನು ಕರೆಂಟು ಸಾಗಿಸಲು ನಂಬಬೇಡಿ. ಮೇಜಿನಡಿ 1.5 ಚದರ ಮಿ.ಮೀ. ತಂತಿಯ ಒಂದು ಜೋಡಿ ಎಳೆದು, ಮೀಟರಿಗೊಂದರಂತೆ ಸಣ್ಣ ತಂತಿಗಳನ್ನು ಹಳಿಗೆ ಬೆಸೆಯಿರಿ. ಮುಗಿದ ಮೇಲೆ ಪವರ್ ಹಚ್ಚಿ, ಸ್ಟೇಷನ್ನಿನಿಂದ ಅತಿ ದೂರದ ಜಾಗದಲ್ಲಿ ಒಂದು ರೂಪಾಯಿ ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಅಡ್ಡ ಇಡಿ. ಸ್ಟೇಷನ್ ತಕ್ಷಣ ಕರೆಂಟು ಕಡಿಯಬೇಕು. ಕಡಿಯದೆ ನಾಣ್ಯ ಬಿಸಿಯಾಗತೊಡಗಿದರೆ ತಂತಿ ಸಣ್ಣದಾಯಿತು ಅಥವಾ ಬೆಸುಗೆ ಸಡಿಲವಾಗಿದೆ. ಹಾಗೆ ಬಿಟ್ಟರೆ ಹಳಿ ತಪ್ಪಿದ ಎಂಜಿನ್ನಿನ ಪ್ಲಾಸ್ಟಿಕ್ ಕರಗುತ್ತದೆ. ಇದನ್ನು ಹಳಿಯ ಪ್ರತಿ ಭಾಗದಲ್ಲೂ ಮಾಡಿ.

ಸಂಪರ್ಕ ಕಡಿದಾಗ

ಕೊನೆಯ ಆಜ್ಞೆಯನ್ನು ಮತ್ತೆಮತ್ತೆ ಹಳಿಗೆ ಕಳಿಸುತ್ತಿರುವುದೇ ಡಿಸಿಸಿ ಕಮಾಂಡ್ ಸ್ಟೇಷನ್ನಿನ ಕೆಲಸ. ಹಾಗಾಗಿ ಫೋನು ಸತ್ತರೆ ರೈಲು ನಿಲ್ಲುತ್ತದೆಂದು ತಿಳಿಯಬೇಡಿ. ಸ್ಟೇಷನ್ನು ಫೋನಿನ ಮೇಲೆ ಕಣ್ಣಿಟ್ಟಿರದಿದ್ದರೆ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ವೈಥ್ರಾಟಲ್ ಪದ್ಧತಿಯಲ್ಲಿ ಹಾರ್ಟ್‌ಬೀಟ್ ಎಂಬ ಏರ್ಪಾಡಿದೆ: ಗೊತ್ತಾದ ಅವಧಿಯೊಳಗೆ ಫೋನಿನಿಂದ ಸುದ್ದಿ ಬಾರದಿದ್ದರೆ ಸರ್ವರು ಆ ಎಂಜಿನ್ನನ್ನು ನಿಲ್ಲಿಸುತ್ತದೆ. ಜೆಎಂಆರ್‌ಐನಲ್ಲಿ ಮೊದಲಿನಿಂದ ಇಟ್ಟಿರುವ ಅವಧಿ 10 ಸೆಕೆಂಡು. ಗಂಟೆಗೆ 60 ಕಿ.ಮೀ.ಗೆ ಸಮನಾದ ವೇಗದಲ್ಲಿ ಎಚ್‌ಓ ಎಂಜಿನ್ನು ಅಷ್ಟರಲ್ಲಿ 1.9 ಮೀಟರ್ ಹೋಗಿರುತ್ತದೆ. ಮೇಜು ಅದಕ್ಕಿಂತ ಚಿಕ್ಕದಿದ್ದರೆ ಅವಧಿಯನ್ನು ಇಳಿಸಿ, ತೀರಾ 2-3 ಸೆಕೆಂಡಿಗೆ ಇಳಿಸಿದರೆ ಮಾತ್ರ ಚಿಕ್ಕಪುಟ್ಟ ತಡೆಗೂ ರೈಲು ನಿಲ್ಲುತ್ತಿರುತ್ತದೆ.

ಯಾವ ಪದ್ಧತಿ ಕೊಂಡರೂ ಮೊದಲ ದಿನವೇ ಇದನ್ನು ಪರೀಕ್ಷಿಸಿ. ಬೋಗಿಗಳಿಲ್ಲದ ಒಂದೇ ಎಂಜಿನ್ನನ್ನು ನಿಧಾನವಾಗಿ ಓಡಬಿಟ್ಟು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಅದು ಎಷ್ಟು ಹೊತ್ತಿಗೆ, ಎಲ್ಲಿ ನಿಂತಿತು ಅಥವಾ ನಿಲ್ಲಲಿಲ್ಲ ಎಂಬುದನ್ನು ಬರೆದಿಡಿ. ಆ್ಯಪನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ, ಫೋನಿನ ಪರದೆ ಆರಿಸಿ ಮತ್ತೊಮ್ಮೆ ನೋಡಿ. ಮೂರರಲ್ಲಿ ಯಾವುದರಲ್ಲಾದರೂ ಎಂಜಿನ್ನು ಓಡುತ್ತಲೇ ಇದ್ದರೆ, ಹಳಿಗೆ ಹೋಗುವ ತಂತಿಯ ನಡುವೆ ಕೈಗೆಟುಕುವಲ್ಲಿ ಎರಡು ಧ್ರುವದ ಒಂದು ದೊಡ್ಡ ಸ್ವಿಚ್ಚು ಹಾಕಿಸಿಕೊಂಡ ಮೇಲೆಯೇ ಬೋಗಿಗಳನ್ನು ಜೋಡಿಸಿ.